ಗೆರೆ ಕಾಣದ ಲೋಹ

ಸೂಜಿಗೆ ದಾರ ಪೋಣಿಸಲಾಗದೆ ಕಣ್ಣಿನ ಆಸ್ಪತ್ರೆಗೆ ಬಂದ ಮುದುಕ ದರ್ಜಿಯ ಪಕ್ಕದಲ್ಲಿ, ಲೋಹ ಪರೀಕ್ಷಿಸುವ ಹೆಂಗಸೊಬ್ಬಳು ಮುಖ ಸಪ್ಪೆ ಮಾಡಿಕೊಂಡು ಕೂತಿದ್ದಳು. ಅವಳ ಲ್ಯಾಬಿನ ಹಿರಿಯರು ಏದುಸಿರು ಬಿಡುತ್ತಾ ಬಂದರು.

"ಏಳಮ್ಮ, ನಿನ್ನ ಕಣ್ಣಿಗೇನೂ ಆಗಿಲ್ಲ."

"ಮೈಕ್ರೋಸ್ಕೋಪಲ್ಲಿ ಲೋಹದ ಹರಳುಗಳ ನಡುವಿನ ಗೆರೆ ಒಂದೂ ಕಾಣ್ತಿಲ್ಲ ಸರ್."

"ನನಗೂ ಕಾಣಲಿಲ್ಲ! ಆಮೇಲೆ ಬರಿಗಣ್ಣಲ್ಲಿ ನೋಡಿದೆ. ಒಂದೊಂದು ಹರಳೂ ಹೆಬ್ಬೆರಳಿನ ಉಗುರಷ್ಟಿದೆ."

"ಹೋದ ಸಲ ಧೂಳಿನ ಕಣದಷ್ಟಿತ್ತಲ್ಲ!"

"ಆಗ ಲೋಹದೊಳಗಿನ ಕೊಳೆ ಆ ಗೆರೆಗಳನ್ನ ಕದಲದ ಹಾಗೆ ಹಿಡ್ಕೊಂಡಿತ್ತು. ಈ ಸಲ ನೀನು ಅಷ್ಟು ಚೊಕ್ಕ ಮಾಡಿದ್ದೀಯ. ಕಾಯಿಸಿದಾಗ ತಡೆಯೋರೇ ಇಲ್ಲದೆ ಹರಳು ಬೆಳೆದುಬಿಟ್ಟಿವೆ. ಮೂರು ದಿನ ನೀನು ಒಂದೇ ಹರಳಿನ ನಟ್ಟನಡುವೆ ನೋಡ್ತಾ ಕೂತಿದ್ದೆ."

"ಅಯ್ಯೋ, ಕೆಲಸ ಬಿಡಬೇಕಾಗುತ್ತೆ ಅಂತ ಮನೇಲಿ ಅತ್ತುಬಿಟ್ಟಿದ್ದೆ ಸರ್!"

ನಗುತ್ತಾ ಎದ್ದವಳು ತನ್ನ ಟೋಕನ್ನನ್ನು ದರ್ಜಿಯ ಕೈಗಿಟ್ಟಳು. "ತಗೊಳ್ಳಿ ಅಜ್ಜ, ನಂದು ನಿಮಗಿಂತ ಮುಂದಿದೆ."

ಅವರು ಹೋದ ಮೇಲೆ ದರ್ಜಿಗೆ ತನ್ನ ಸೂಜಿಯ ಮೇಲೇ ಅನುಮಾನ ಬಂತು.