ಬಂಗಾರ ಹಾಕ್ಕೊಂಡು ಒಳಗ ಬರಬ್ಯಾಡ್ರಿ

…ಬಂಗಾರ ಹುಡುಕೂ ಕೆಲಸಕ್ಕ ಹೋಗಬೇಕಾದ್ರ ಮೊದಲು ಮೈಮ್ಯಾಲಿನ ಬಂಗಾರ ತಗದಿಡಬೇಕು, ಅದನ್ನ ಹೇಳಾಕತ್ತಿದ್ದೆ, ನಡುವ ನೀವು ಬಾಯಿ ಹಾಕಿದ್ರಿ. ನಗಬ್ಯಾಡ್ರಿ. ಆವಾಗ ನಿಮ್ಮಜ್ಜ ಇಲ್ಲೇ ಈ ಮರಾಠಿ ಊರು ಕೊಂಢವಾದಾಗ ಕಟ್ಟಡದ ಪರಾಂಚಿ ಮ್ಯಾಲಿಂದ ಬಿದ್ದು ಸೊಂಟ ಮುರಕೊಂಡು ಮಲಗಿದ್ರು. ಪರಾಂಚಿ ಅಂದ್ರ ಗೊತ್ತಲ್ಲ, ಗ್ವಾಡಿ ಕಟ್ಟಾಕ ನಿಲ್ಲೂ ಬಿದಿರಿನ ಅಟ್ಟ. ದುಡಿಯಾಕ ಮನ್ಯಾಗ ಇನ್ನೊಬ್ಬರಿಲ್ಲ. ನಾನೋ ನಾಲ್ಕನೇ ಕ್ಲಾಸಿಗೆ ಸಾಲಿ ಬಿಟ್ಟಾಕಿ, ಮಂದಿ ಮುಂದ ಮಾತಾಡಾಕೂ ಅಂಜತಿದ್ದೆ. ಬಾಜೂ ಮನಿ ಕಮಲತಾಯಿ, ಮರಾಠಿಯಾಕಿ, "ಅಗಂ ಶಾಂತಾ, ಚಲ್ ಮಾಝ್ಯಾಬರೋಬರ್" ಅಂದ್ರ ನನ್ನ ಜೋಡಿ ನಡಿ ಅಂತ, ಕೈ ಹಿಡದು, ತಾನು ದುಡಿಯೂ ಶೆಡ್ಡಿಗೆ ಕರಕೊಂಡು ಹೋದ್ಲು.

ಏನು ಕೆಲಸ ಅಂದ್ರ, ಕಲ್ಲು ಪುಡಿ ಮಾಡೂದು. ನಮ್ಮ ಕರ್ನಾಟಕದ ಕಡೆ ಯಾವುದೋ ಗುಡ್ಡದಾಗ ಬಂಗಾರ, ತಾಮ್ರ ಅದಾವೇನಂತ ನೋಡಾಕ ಕಂಪನಿಯವರು ತೂತು ಕೊರೀತಿದ್ರು. ಬೋರ್ ಹಾಕಿದಂಗ, ಅಲ್ಲ, ಬೋರಿನಂಗ ಅಲ್ಲ, ಇದರಾಗ ಒಳಗಿನ ಕಲ್ಲು ಕಬ್ಬಿನ ಗಳದಂಗ ಉದ್ದಕ ಹೊರಗ ಬರ್ತದ. ಅದನ್ನ ಸೀಳಿ, ಅರ್ಧ ತಾವು ಇಟ್ಕೊಂಡು, ಇನ್ನರ್ಧ ಚೀಲಕ್ಕ ತುಂಬಿ, ನಂಬರ ಹಾಕಿ ನಮಗ ಕಳಸ್ತಿದ್ರು. ನಾವು ಮಷೀನಿನಾಗ ಒಡದು, ಉಕ್ಕಿನ ಬಟ್ಟಲದಾಗ ಮೈದಾ ಹಿಟ್ಟಿನಂಗ ನುಣ್ಣಗ ಮಾಡಬೇಕು, ಬಟ್ಟಲ ಸ್ವಚ್ಛ ಮಾಡಬೇಕು, ಮತ್ತ ಇನ್ನೊಂದು ಚೀಲ. ಆ ಹಿಟ್ಟು ಪರೀಕ್ಷಾ ಮಾಡಿ ಎಷ್ಟು ಬಂಗಾರ, ಎಷ್ಟು ತಾಮ್ರ ಅಂತ ನೋಡೇ ಅಲ್ಲಿ ಗಣಿ ತೋಡೂದೋ ಬಿಡೂದೋ ಅಂತ ಠರಾಯಿಸ್ತಿದ್ರು. ಕಲ್ಲಿನಾಗ ಹಳದಿ ಮಿಂಚು ಕಂಡ್ರ ಹೊಸಬರು ಬಂಗಾರ ಅಂತ ಕುಣೀತಿದ್ರು. ಅದು ತಾಮ್ರದ್ದು. ಖರೇ ಬಂಗಾರ ನನ್ನ ಕಣ್ಣಿಗೆ ಒಮ್ಮೆನೂ ಬೀಳಲಿಲ್ಲ, ಅಷ್ಟು ಸಣ್ಣದಿರ್ತದ ಅದು.

ಅದಕ್ಕ ಶೆಡ್ಡು ನೋಡಿಕೊಳ್ಳೂ ಸಾಹೇಬ್ರು ಮೊದಲನೇ ದಿನಾನ ಹೇಳಿದ್ರು. ಧಾರವಾಡದ ಕಡಿಯವರು. "ನೋಡ್ರಿ ಶಾಂತಾಬಾಯಿ, ನಿಮ್ಮ ತಾಳಿ ಬಟ್ಟಲಕ್ಕ ತಿಕ್ಕಿ ಒಂಚೂರು ಉದರಿದ್ರೂ, ಇಲ್ಲದ ಬಂಗಾರ ಅದ ಅಂತ ಬರ್ತದ. ಮೂಗುತಿ, ಉಂಗುರ, ತಾಳಿ, ಏನೂ ನಡಿಯೂದಿಲ್ಲ." ಮನಿಗೆ ಬಂದು ಹೇಳಿದೆ. ನಮ್ಮತ್ತಿ ಕುಂತಲ್ಲೇ ಎದ್ದು ನಿಂತ್ಲು. "ನನ್ನ ಮಗ ಇನ್ನೂ ಉಸಿರಾಡಾಕತ್ಯಾನ! ತಾಳಿ ತಗೀತಾಳಂತ ತಾಳಿ!" ನಿಮ್ಮಜ್ಜ ಮಲಗಿದಲ್ಲಿಂದನ, "ಯವ್ವಾ, ಒಂದು ಅರಿಶಿನ ಕೊಂಬು ಕೊಡು" ಅಂದ್ರು. ದಾರಕ್ಕ ಕೊಂಬು ಕಟ್ಟಿ, ನನ್ನ ಬಗ್ಗಿಸಿ, ಕೊರಳಿಗೆ ತಾವ ಗಂಟು ಹಾಕಿದ್ರು. "ಈಗ ಹೋಗು. ಎರಡನೇ ಸಲ ಲಗ್ನ ಆತು, ಊಟ ಮಾತ್ರ ಇಲ್ಲ." ಮರುದಿನ ಸಾಹೇಬ್ರಿಗೆ ತೋರಿಸಿದೆ. "ಅರಿಶಿನಕ್ಕ ನಮ್ಮದೇನು ತಕರಾರಿಲ್ಲವಾ" ಅಂತ ನಕ್ಕು ಒಳಗ ಬಿಟ್ರು.

ಹಂಗ ನಡೀತು. ನಡುನಡುವ ಬಂಗಾರ ಇಲ್ಲದ ಬರೇ ಕಲ್ಲಿನ ಚೀಲ ಒಂದು ಸೇರಿಸಿರ್ತಾರ ಅವರು, ನಾವು ಸ್ವಚ್ಛ ಕೆಲಸ ಮಾಡ್ತೀವೋ ಇಲ್ಲೋ ನೋಡಾಕ. ಒಂದು ದಿನ ಆ ಬರೇ ಕಲ್ಲಿನಾಗ ಬಂಗಾರ ಬಂತು! ಸಾಹೇಬ್ರ ಮಾರಿ ಇಷ್ಟಾತು. "ಕಂಪನಿಯವರು ಇನ್ನ ನಮ್ಮ ಯಾವ ಲೆಕ್ಕಾನೂ ನಂಬೂದಿಲ್ಲ. ಯಾರ ಮೈಮ್ಯಾಲ ಅದ, ಈಗ ಹೇಳ್ರಿ. ಮುಚ್ಚಿಟ್ಟವರು ನಾಳಿಯಿಂದ ಬರಬ್ಯಾಡ್ರಿ." ಎಲ್ಲಾರೂ ಕೈ, ಕಿವಿ, ಕೊರಳು ತೋರಿಸಿದ್ರು. ಆ ಚೀಲ ಪುಡಿ ಮಾಡಿದ ಬಟ್ಟಲ ನಂದು. ಗಂಡಸರೂ ನಿಂತಿದ್ರು, ನನಗ ನಾಚಿಕಿ, ಆದ್ರೂ ದಾರ ಹೊರಗ ಜಗ್ಗಿದೆ. ಕೊಂಬಿನ ಹಿಂದ ಅರಿಶಿನ ಬಟ್ಟಿದು ಸಣ್ಣ ಗಂಟು ಇತ್ತು. ದಾರ ಹಳೇದಾತು ಅಂತ ಅತ್ತಿ ಆ ವಾರ ಹೊಸಾದು ಪೋಣಿಸಿ ಕೊಟ್ಟಿದ್ಲು, ಗಂಟು ದೇವರ ಪ್ರಸಾದ ಇರಬೇಕಂತ ನಾನು ಬಿಟ್ಟಿದ್ದೆ. ಬಟ್ಟಲಕ್ಕ ಬಗ್ಗಿ ಬಗ್ಗಿ ಆ ಬಟ್ಟಿ ಸವದು ಹರದಿತ್ತು. ಒಳಗ ನನ್ನ ತಾಳಿಯ ಬಂಗಾರದ ಗುಂಡು ಒಂದು, ಮಿಣಮಿಣ ಅಂತಿತ್ತು.

ಕಮಲತಾಯಿ "ಅಗಂ ಬಾಈ!" ಅಂತ ಬಾಯಿ ಮುಚ್ಚಿಕೊಂಡ್ಲು. "ಯಾರು ಇಟ್ಟಿದ್ರು?" ಅಂದ್ರು ಸಾಹೇಬ್ರು. ಅತ್ತಿ ಹೆಸರು ಹೇಳಾಕ ಮನಸ್ಸಾಗಲಿಲ್ಲ. "ನನ್ನ ಕೊರಳಾಗ ಇತ್ರಿ, ನಂದ ಅದ. ಈ ದಾರ ಕಟ್ಟಿದ ಮ್ಯಾಲೆ ಪುಡಿ ಮಾಡಿದ ಚೀಲ ಎಲ್ಲಾ ನಾನ ಮತ್ತ ಮಾಡ್ತೀನಿ" ಅಂದೆ. ಅವರು ಚೀಲದ ನಂಬರಿನ ಪಟ್ಟಿ ತಗದು ನೋಡಿದ್ರು. ಆಮ್ಯಾಲೆ, "ಎಲ್ಲಿಂದ ಬಂತಂತ ಗೊತ್ತಾತಲ್ಲ, ಅಷ್ಟ ಸಾಕು. ಚೀಲದಾಗ ಪುಡಿ ಮಾಡದ ಉಳಿದ ಕಲ್ಲು ತರ್ರಿ" ಅಂದ್ರು. ಮತ್ತ ಒಡದೆ, ಮತ್ತ ಪುಡಿ ಮಾಡಿದೆ. ಬರೇ ಕಲ್ಲು ಬರೇ ಕಲ್ಲಾಗೇ ಬಂತು. ಮೊದಲು ಬಂಗಾರ ಭಾಳ ಅದ ಅಂತ ಬಂದಿದ್ದ ಎರಡು ಮೂರು ಚೀಲದಾಗ ಏನೂ ಇರಲಿಲ್ಲ, ತಾಮ್ರ ಅಷ್ಟ. ಆ ತೂತಿನ ಕಡಿ ಕಂಪನಿಯವರು ಇನ್ನ ಹೋಗೂದಿಲ್ಲ ಅಂದ್ರಂತ. ನನ್ನ ಕೆಲಸ ಉಳೀತು.

ಸಂಜಿಗೆ ಬಂದು ಗುಂಡು ಅತ್ತಿ ಅಂಗೈಯಾಗ ಇಟ್ಟೆ. ಆಕಿನ ಅಂದ್ಲು, "ನಿನಗ ಕೇಡಾಗಬಾರದಂತ ಇಟ್ಟಿದ್ದೆ ತಂಗಿ." "ಹೌದ್ರಿ ಅತ್ತಿ, ಆದ್ರ ನನಗೊಂದು ಮಾತು ಹೇಳಬೇಕಿತ್ತಲ್ಲ" ಅಂದೆ. ಆಕಿ ಜೋಡಿ ನಾನು ಎದರ ಮಾತಾಡಿದ್ದು ಅದ ಮೊದಲು. ಅದಕ್ಕ ಹೇಳ್ತೀನಿ, ಒಬ್ಬರಿಗೆ ಒಳ್ಳೇದು ಮಾಡೂದಿದ್ರೂ ಅವರನ್ನ ಕೇಳಿ ಮಾಡ್ರಿ. ಏಳ್ರಿ ಇನ್ನ, ಕೈಕಾಲು ತೊಳಕೊಂಡು ಬರ್ರಿ, ಊಟಕ್ಕ ಹಾಕ್ತೀನಿ.