ತುರಾತಣ್ಣ ಕೇಳಿದ ಪ್ರಶ್ನೆ: ಹಸು ಎಲ್ಲಿದೆ?

ತುರಾತಣ್ಣನ ತಾಯಿ ಸೈರಾಕಾನ್ ಅಮ್ಮನವರೇ, ತುರಾತಣ್ಣನ ಹೆಂಡತಿ ಮೇರಿಮ್ ಅವರೇ, ನಮ್ಮ ಯಜಮಾನರಾದ ಬೆಕ್ತುರ್ ಅವರೇ, ಹಿಮದ ಘಾಟಿ ದಾಟಿ ನಾರಿನ್‌ನಿಂದ ಬಂದ ಅಕ್ಕಂದಿರೇ, ಈ ಗೋದಾಮಿನ ಗೆಳೆಯರೇ — ಎಲ್ಲರಿಗೂ ತಲೆಬಾಗುತ್ತೇನೆ.

ತುರಾತಣ್ಣ ಹೋಗಿ ಇಂದು ನಲವತ್ತನೆಯ ದಿನ. ಹೊರಗೆ ಹಿಟ್ಟಿನ ಬೋರ್ಸೋಕ್ ಕರಿಯುತ್ತಿದ್ದಾರೆ, ಎಣ್ಣೆಯ ಘಮ ತುರಾತಣ್ಣನಿಗೆ ಮುಟ್ಟಲಿ. ನಾನು ನುರ್ಗಾಜಿ, ಜಾಹೀರಾತು ವಿಭಾಗದವನು. ಮಾತೇ ನನ್ನ ಹೊಟ್ಟೆಪಾಡು. ಆದರೆ ಇವತ್ತು ಮಾತು ತಪ್ಪಿದರೆ ಸ್ವಲ್ಪ ಸಹಿಸಿಕೊಳ್ಳಿ.

ಸೈರಾಕಾನ್ ಅಮ್ಮ ನನ್ನನ್ನು ಕಂಡಾಗಲೆಲ್ಲ ಕೇಳುತ್ತಿದ್ದರು: "ನನ್ ಮಗ ದಿನವಿಡೀ ಪರದೆ ನೋಡ್ಕೊಂಡು ಕೂತಿರ್ತಾನಲ್ಲಪ್ಪಾ, ಅದಕ್ಕೂ ಸಂಬಳ ಕೊಡ್ತಾರಾ?" ಅಮ್ಮಾ, ಇವತ್ತು ಉತ್ತರ ಹೇಳುತ್ತೇನೆ.

ನಾವು ಮಾರುವುದು ಹಾಲಿನಿಂದ ಕೆನೆ ತೆಗೆಯುವ ಯಂತ್ರ. ತುರಾತಣ್ಣನ ಪರದೆಯಲ್ಲಿ ಒಂದು ಕಡೆ ಹಣ ಕಟ್ಟಿದವರ ವಿವರ, ಇನ್ನೊಂದು ಕಡೆ ಜಾಹೀರಾತು ನೋಡಿ ಬೆಲೆ ಕೇಳಿದವರ ವಿವರ. ಇವೆರಡಕ್ಕೂ ಮಾತೇ ಇರಲಿಲ್ಲ, ಜಗಳವಾಡಿದ ಓರಗಿತ್ತಿಯರ ಹಾಗೆ. ಯಜಮಾನರು ಒಂದು ದಿನ ಮೇಜು ಕುಟ್ಟಿ ಕೇಳಿದರು: "ಜಾಹೀರಾತಿಗೆ ನಾನು ಸುರಿಯೋ ಸೋಮ್‌ನಲ್ಲಿ ವಾಪಸ್ ಬರೋದು ಯಾವುದು, ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಗೋದು ಯಾವುದು?" ಎರಡೂ ಕಡೆಯ ಫೋನ್ ಸಂಖ್ಯೆಗಳನ್ನು ಜೋಡಿಸಿ ನೋಡಿದೆವು. ಏನು ಕಂಡಿತು ಗೊತ್ತೇ? ನಾರಿನ್ ಕಡೆಯ ಸಂಖ್ಯೆಗಳಿಂದ ಒಂದು ಸೋಮ್ ಕೂಡ ಬಂದಿಲ್ಲ! ಹಣವೆಲ್ಲ ಬಂದದ್ದು ರಷ್ಯಾದ ನೊವೊಸಿಬಿರ್ಸ್ಕ್‌ನಿಂದ, ಯೆಕಟೆರಿನ್‌ಬರ್ಗ್‌ನಿಂದ.

ನಾರಿನ್ ಶಾಖೆಯ ಕನಿಮ್‌ಗುಲ್ ಇಲ್ಲೇ ಕುಳಿತಿದ್ದಾಳೆ. ತನ್ನ ಅಡುಗೆಮನೆಯಲ್ಲೇ ಯಂತ್ರದ ಹಿಡಿ ತಿರುಗಿಸುತ್ತಾ, ಅತ್ತೆಯನ್ನು ಛೇಡಿಸುತ್ತಾ ಅವಳು ಮಾಡಿದ ವಿಡಿಯೊಗಳನ್ನು ನೀವೆಲ್ಲ ನೋಡಿದ್ದೀರಿ. ಅದನ್ನು ನೋಡಿ ಬೆಲೆ ಕೇಳುವವರು ರಾಶಿ ರಾಶಿ, ಕಾಸು ಬಿಚ್ಚುವವರು ಯಾರೂ ಇಲ್ಲ. ಹಾಗಂತ ಲೆಕ್ಕ ಹೇಳಿತು. ಯಜಮಾನರು ತೀರ್ಮಾನಿಸಿಯೇಬಿಟ್ಟರು: ನಾರಿನ್ ಶಾಖೆಗೆ ಬೀಗ, ಅಲ್ಲಿನ ಹೆಂಗಸರೆಲ್ಲ ಮನೆಗೆ, ಜಾಹೀರಾತಿನ ಹಣವೆಲ್ಲ ರಷ್ಯಾದ ಊರುಗಳಿಗೆ. ನಾನೂ ತಲೆ ಆಡಿಸಿದೆ. ಅಂಕಿ ಸುಳ್ಳು ಹೇಳುತ್ತದೆಯೇ?

ಆಗ ಮೂಲೆಯಿಂದ ತುರಾತಣ್ಣ ಕೇಳಿದರು, ನಿಧಾನವಾಗಿ, ಚಹಾ ಊದಿಕೊಳ್ಳುತ್ತಾ: "ಅಲ್ಲಾ ಕಣೋ ನುರ್ಗಾಜಿ, ನೊವೊಸಿಬಿರ್ಸ್ಕ್‌ನಲ್ಲಿ ಕೂಲಿಗೆ ಹೋದ ನಮ್ ಹುಡುಗರು ಇರೋದು ಒಂದೊಂದು ಕೋಣೇಲಿ ಹತ್ತು ಹತ್ತು ಜನ. ಹಸು ಎಲ್ಲಿ ಕಟ್ತಾರೆ?"

ಯಂತ್ರ ನಮ್ಮ ಗೋದಾಮಿನಿಂದ ಯಾವುದೋ ಟ್ಯಾಕ್ಸಿಯ ಡಿಕ್ಕಿಯಲ್ಲಿ ಹೊರಟುಬಿಡುತ್ತದೆ. ಎಲ್ಲಿಗೆ ಎಂದು ಕೇಳಿದವರಾರು?

ಹಣ ಕಟ್ಟಿದವರಲ್ಲಿ ಒಬ್ಬನಿಗೆ ತುರಾತಣ್ಣ ಎಲ್ಲರ ಎದುರೇ ಫೋನ್ ಮಾಡಿದರು. "ತಮ್ಮಾ, ಯಾವ ಜಾಹೀರಾತು ನೋಡಿ ಯಂತ್ರ ತಗೊಂಡೆ?"

"ಜಾಹೀರಾತಾ? ಅಣ್ಣಾ, ಬೆನ್ ಮೇಲೆ ಸಿಮೆಂಟ್ ಚೀಲ ಇದೆ, ಬೇಗ ಹೇಳಿ. ಅಮ್ಮ ಕಟ್ಟು ಅಂದ್ಳು, ಕಟ್ಟಿದೆ. ಆ ಯಂತ್ರ ಕರೀದೋ ಬಿಳೀದೋ ನಂಗೊತ್ತಿಲ್ಲ!"

ಅವನ ಅಮ್ಮ ಇದ್ದದ್ದು ನಾರಿನ್ ಕಡೆಯ ಅತ್‌ಬಾಶಿಯಲ್ಲಿ. ಅಲ್ಲಿಗೂ ಫೋನ್ ಹೋಯಿತು. ಆ ತಾಯಿಯ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. "ಆ ಬಾಯಿಬಡಕಿ ಸೊಸೆ ಇದಾಳಲ್ಲ, ಹಿಡಿ ತಿರುಗಿಸೋಳು? ಅವಳ ಕೆನೆ ನೋಡಿದ್ಮೇಲೆ ನನ್ ಕೆನೆ ನೋಡೋಕೆ ನಾಚಿಕೆ ಆಯ್ತಪ್ಪ. ಬೆಲೆ ಕೇಳ್ದೆ, ಮಗನಿಗೆ ಹೇಳ್ದೆ. ಯಾಕೆ, ತಪ್ಪಾ? ಅದ್ಸರಿ, ನೀನ್ಯಾರ ಮಗ?"

ತಾವು ಯಾರ ಮಗ ಎಂದು ತುರಾತಣ್ಣ ಹೇಳಿ ಮುಗಿಸಲು ಅರ್ಧ ಗಂಟೆ ಹಿಡಿಯಿತು. ಅದು ನಿಮಗೆ ಗೊತ್ತಿರುವ ಸಂಗತಿಯೇ.

ಅಮ್ಮಾ, ನಿಮ್ಮ ಮಗ ಆಮೇಲೆ ಮಾಡಿದ್ದು ಇಷ್ಟೇ. ಹಣ ಕಟ್ಟುವ ಪುಟದಲ್ಲಿ ಒಂದು ಪ್ರಶ್ನೆ ಸೇರಿಸಿದರು: "ಇದು ಯಾರಿಗೆ? ಅವರ ಫೋನ್ ಸಂಖ್ಯೆ?" ಕಟ್ಟಿದವನ ಸಂಖ್ಯೆ ಬಿಟ್ಟು, ಪಡೆಯುವವರ ಸಂಖ್ಯೆಯನ್ನು ಬೆಲೆ ಕೇಳಿದವರ ಜೊತೆ ಜೋಡಿಸಿದರು. ಕೆಲವೇ ವಾರಗಳಲ್ಲಿ ಪರದೆಯ ನಕ್ಷೆಯ ಮೇಲೆ ಗೆರೆಗಳು ಏಳತೊಡಗಿದವು — ಅತ್‌ಬಾಶಿಯಿಂದ ನೊವೊಸಿಬಿರ್ಸ್ಕ್‌ಗೆ, ಕೊಚ್ಕೋರ್‌ನಿಂದ ಯೆಕಟೆರಿನ್‌ಬರ್ಗ್‌ಗೆ — ಹೀಗೆ, ಹೀಗೆ, ಹೀಗೆ! ಎಲ್ಲ ಗೆರೆಯ ಬುಡದಲ್ಲೂ ಕನಿಮ್‌ಗುಲ್‌ಳ ಅಡುಗೆಮನೆ. ನಮ್ಮ ತಾಯಂದಿರು, ದೂರದ ಮಕ್ಕಳ ನಡುವೆ ಇಷ್ಟು ದೊಡ್ಡದೊಂದು ನಡೆಯುತ್ತಿತ್ತು, ನಮ್ಮ ಕಣ್ಣಿಗೇ ಬಿದ್ದಿರಲಿಲ್ಲ. ತುರಾತಣ್ಣ ಕಲ್ಪಾಕ್ ಟೋಪಿ ತೆಗೆದು ತಲೆ ಕೆರೆದುಕೊಂಡರು. "ನೋಡೋ ನುರ್ಗಾಜಿ, ಅಮ್ಮನ ಮಾತು ಕೇಳೋರು ಇನ್ನೂ ಇಷ್ಟೊಂದು ಜನ ಇದಾರೆ!" ಎಂದವರೇ ಹೊರಗೆ ಹೋಗಿ ನಿಮಗೆ ಫೋನ್ ಮಾಡಿದರು ಅಮ್ಮಾ. ನೀವು ಬೈದಿರಂತೆ, ಕೆಲಸದ ಹೊತ್ತಲ್ಲಿ ಏನು ಹರಟೆ ಎಂದು.

ನಾರಿನ್ ಶಾಖೆಯ ಬಾಗಿಲು ಇವತ್ತಿಗೂ ತೆರೆದಿದೆ. ಬೀಗ ಹಾಕಿಸಲು ಹೊರಟಿದ್ದ ಯಜಮಾನರೇ ಅಲ್ಲಿಗೆ ಹೊಸ ಒಲೆ ಕಳಿಸಿದರು. ಇದು ಅವರ ದೊಡ್ಡತನ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ತುರಾತಣ್ಣನ ಎದೆಬಡಿತ ನಿಂತ ವಾರ ಮೇರಿಮ್ ನನ್ನನ್ನು ಕರೆದು ತಮ್ಮ ಫೋನ್ ತೋರಿಸಿದರು. ಸಾವಿನ ಮನೆಗೆ ಎಲ್ಲರೂ ಕೈಲಾದಷ್ಟು ಹಣ ಕೊಡುವುದು ನಮ್ಮ ರೂಢಿ. ಆದರೆ ಇದು ನೆಂಟರದ್ದಲ್ಲ, ನೆರೆಯವರದ್ದಲ್ಲ. ಗುರುತಿಲ್ಲದ ಸಂಖ್ಯೆಗಳಿಂದ ಚಿಕ್ಕ ಚಿಕ್ಕ ಮೊತ್ತ ಬರುತ್ತಲೇ ಇದೆ. "ನುರ್ಗಾಜಿ, ಇವರೆಲ್ಲ ಯಾರು? ಎಲ್ಲಿಂದ ಬಂತು ಇದು?" ಎಂದು ಕೇಳಿದರು.

ನನ್ನ ಕಸುಬೇ ಅದಲ್ಲವೇ, ಹಣ ಎಲ್ಲಿಂದ ಬಂತು ಎಂದು ಹೇಳುವುದು! ಕೂತು ನೋಡಿದೆ. ನೊವೊಸಿಬಿರ್ಸ್ಕ್. ಯೆಕಟೆರಿನ್‌ಬರ್ಗ್. ಆ ವಾರ ಕನಿಮ್‌ಗುಲ್ ಅದೇ ಅಡುಗೆಮನೆಯಲ್ಲಿ, ಹಿಡಿ ಮುಟ್ಟದೆ ಕುಳಿತು, "ನಮ್ ಬಾಗಿಲು ಮುಚ್ಚದ ಹಾಗೆ ನೋಡ್ಕೊಂಡ ಅಣ್ಣ ಹೋಗ್ಬಿಟ್ರು" ಎಂದು ಹೇಳಿದ್ದಳು. ಕೆಳಗೆ ಮೇರಿಮ್ ಅವರ ಸಂಖ್ಯೆ ಇದ್ದ ಆ ವಿಡಿಯೊ ನೋಡಿದ್ದು ತಾಯಂದಿರು. ಹಣದ ಜೊತೆ ಒಬ್ಬ ಹುಡುಗ ಹೀಗೆ ಬರೆದಿದ್ದ: "ನಿಮ್ಮ ಮನೆಯವರು ಯಾರೋ ಗೊತ್ತಿಲ್ಲ ಅಕ್ಕಾ. ಅಮ್ಮ ಕಳಿಸು ಅಂದ್ಳು, ಕಳಿಸಿದೀನಿ."

ತುರಾತಣ್ಣಾ, ಈ ಸಲ ನಾನೇ ಕಂಡುಹಿಡಿದೆ. ನೀವಿದ್ದರೆ ಬೆನ್ನು ತಟ್ಟುತ್ತಿದ್ದಿರಿ.

ಬಂಧುಗಳೇ, ಎಲ್ಲರೂ ಎದ್ದು ನಿಲ್ಲೋಣ. ಫೋನುಗಳನ್ನು ಆರಿಸಿ, ಅಂಗೈ ತೆರೆದು, ತುರಾತಣ್ಣನಿಗಾಗಿ ಪ್ರಾರ್ಥಿಸೋಣ.

ಸೈರಾಕಾನ್ ಅಮ್ಮಾ — ನೀವು ಏಳಬೇಡಿ, ಕುಳಿತೇ ಇರಿ. ನಾವು ನಿಂತಿರುವುದು ನಿಮ್ಮ ಮುಂದೆ.