ಗುಬ್ಬಿಮರಿಯ ಮೇಲೆ ಕೂತ ಸಾಹುಕಾರ

ಒಂದು ಊರು, ಆ ಊರಿಗೊಬ್ಬ ಸಾಹುಕಾರ. ಅವನ ಹೆಸರು ನಾನು ಈ ಸಭೆಯಲ್ಲಿ ಹೇಳುವುದಿಲ್ಲ. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನಿಂದ ಹಿಡಿದು ಸ್ಮಶಾನದ ನಲ್ಲಿಯವರೆಗೆ ಅವನೇ ಬರೆಸಿಕೊಂಡಿದ್ದಾನೆ, ನಾನು ಬೇರೆ ಹೇಳಬೇಕೆ? ಕೊಡುಗೈ ದಾನಿ, ಅದರಲ್ಲಿ ಎರಡು ಮಾತಿಲ್ಲ. ಒಂದು ಕೈಯಲ್ಲಿ ಕೊಡುತ್ತಿದ್ದ, ಇನ್ನೊಂದು ಕೈಯಲ್ಲಿ ಫೋಟೋಗ್ರಾಫರನನ್ನು ಕರೆಯುತ್ತಿದ್ದ.

ವಯಸ್ಸಾಗುತ್ತ ಆಗುತ್ತ ಅವನಿಗೊಂದು ಕೊರಗು ಹತ್ತಿಕೊಂಡಿತು. ದೊಡ್ಡವರೆಲ್ಲ ತನ್ನನ್ನು ಕಂಡರೆ ಎದ್ದು ನಿಲ್ಲುತ್ತಾರೆ, ಸರಿ. ಆದರೆ ಅವರೂ ತನ್ನ ಹಾಗೇ ಹಣ್ಣಾದವರು, ಇವತ್ತೋ ನಾಳೆಯೋ ಹೊರಡುವವರು. ತಾನು ಹೋದ ಮೇಲೆ ನೆನಪಿಟ್ಟುಕೊಳ್ಳುವವರು ಯಾರು? ಚಿಕ್ಕಮಕ್ಕಳು. ಹಾಗೆಂದು ಊರಿನ ಶಾಲೆಯ ಒಂದನೇ ತರಗತಿಗೆ ಜನಪದ ಕಥೆಯ ಚಿತ್ರಪುಸ್ತಕವೊಂದನ್ನು ಕೊಡಿಸಿದ. ಎರಡೂ ಕೈ ಅಗಲಿಸಿ ಹಿಡಿಯಬೇಕು, ಅಷ್ಟು ದೊಡ್ಡದು. ಪುಟ ತುಂಬ ಚಿತ್ರ, ಕೆಳಗೆ ಒಂದೋ ಎರಡೋ ಮಾತು.

ಗುಮಾಸ್ತ ಕೇಳಿದ, "ಯಜಮಾನ್ರೇ, ನಿಮ್ಮ ಫೋಟೋ ಎಲ್ಲಿ ಅಂಟಿಸ್ಲಿ? ಮೊದಲ್ನೇ ಪುಟದಲ್ಲಾ?"

"ಮೊದಲ್ನೇ ಪುಟ ಯಾರು ನೋಡ್ತಾರಯ್ಯ? ಮಗುಚಿ ಮುಂದಕ್ಕೆ ಹೋಗ್ತಾರೆ. ಎಲ್ಲಾ ಪುಟಕ್ಕೂ ಅಂಟ್ಸು. ಮಧ್ಯಕ್ಕೇ ಅಂಟ್ಸು. ಗೋಂದು ಚೆನ್ನಾಗಿ ಹಾಕು."

ಗುಮಾಸ್ತ ಅಂಟಿಸಿ ತಂದ. ಫೋಟೋ ನೆಟ್ಟಗೆ ಕೂತಿದೆಯೇ ಎಂದು ಸಾಹುಕಾರ ನೋಡಿದ. ಯಾವುದರ ಮೇಲೆ ಕೂತಿದೆ ಎಂದು ನೋಡಲಿಲ್ಲ. ನೋಡಿ, ನಮ್ಮ ಎಷ್ಟೋ ದಾನಗಳ ಕಥೆ ಇಲ್ಲಿಗೇ ಮುಗಿಯುತ್ತದೆ. ಇದು ಮುಗಿಯಲಿಲ್ಲ.

ಶಾಲೆಯಲ್ಲಿ ಸಮಾರಂಭವಾಯಿತು. ಶಾಲು, ಹಾರ, ಉದ್ದುದ್ದ ಭಾಷಣ. ಕೊನೆಗೆ ಮಕ್ಕಳು ಜಮಖಾನದ ಮೇಲೆ ಕೂತರು. ಪಕ್ಕದ ಮೆತ್ತನೆ ಕುರ್ಚಿಯಲ್ಲಿ ಸಾಹುಕಾರ, ಮೀಸೆ ತೀಡಿಕೊಂಡು. ಟೀಚರಮ್ಮ ಪುಸ್ತಕ ಬಿಚ್ಚಿದರು. ಪಾಪ, ಅವರೂ ಅದನ್ನು ನೋಡುತ್ತಿದ್ದುದು ಆಗಲೇ. ಸಮಾರಂಭದವರೆಗೆ ಕವರು ತೆಗೆಯಕೂಡದೆಂದು ಅಪ್ಪಣೆಯಾಗಿತ್ತು.

"ಒಂದು ಗುಬ್ಬಿ. ಅದಕ್ಕೊಂದು ಮರಿ" ಎಂದು ಓದಿದರು. ಗುಬ್ಬಿ ಇತ್ತು. ಮರಿ ಇರಬೇಕಾದಲ್ಲಿ ಸಾಹುಕಾರ ಇದ್ದ. ಪುಟ ಮಗುಚಿದರು. "ಬೆಕ್ಕು ಬಂತು. ಮರಿ ಬಚ್ಚಿಟ್ಟುಕೊಂಡಿತು. ಎಲ್ಲಿ? ಇಲ್ಲೇ ಇದೆ, ಹುಡುಕಿ." ಮಕ್ಕಳು ಹುಡುಕಿದರು. ಟೀಚರಮ್ಮನೂ ಹುಡುಕಿದರು. ನಡುಮಧ್ಯೆ ಸಾಹುಕಾರ ನಗುತ್ತಿದ್ದ.

"ಬೆಕ್ಕಿನ ಬಾಯಲ್ಲಿ ಇಲ್ಲ" ಎಂದಿತು ಒಂದು ಮಗು.

"ಗೂಡಲ್ಲೂ ಇಲ್ಲ" ಎಂದಿತು ಇನ್ನೊಂದು.

ಮುಂದಿನ ಸಾಲಿನ ಎರಡು ಜಡೆಯ ಹುಡುಗಿ ಎದ್ದು ನಿಂತಳು. "ಈ ತಾತನೇ ತಿಂದ್ಬಿಟ್ಟವ್ನೆ."

ತಾತ ಪಕ್ಕದಲ್ಲೇ ಕೂತಿದ್ದಾನಲ್ಲ, ಹುಡುಕುವ ಕಷ್ಟವೂ ಇಲ್ಲ. ಹುಡುಗಿ ನೆಟ್ಟಗೆ ಹೋಗಿ ಅವನ ಮುಂದೆ ನಿಂತಳು. ಅವಳ ಕಣ್ಣು ತುಂಬಿತ್ತು. "ತಾತ, ಬಾಯಿ ತೆಗಿ."

"ಅಯ್ಯೋ, ನಾನ್ಯಾಕಮ್ಮ ಗುಬ್ಬಿಮರಿ ತಿನ್ಲಿ?"

"ತೆಗಿ. ನೋಡ್ತೀನಿ."

ಊರಿಗೆ ಊರೇ ನೋಡುತ್ತಿದೆ. ಏನು ಮಾಡಿಯಾನು? ಬಾಯಿ ತೆಗೆದ. ಫೋಟೋಗ್ರಾಫರ್ ಅದನ್ನೂ ಹೊಡೆದುಕೊಂಡ, ಅವನ ಕೆಲಸ ಅವನದು. ಹುಡುಗಿ ಬಗ್ಗಿ ನೋಡಿ, "ಹಲ್ಲೂ ಇಲ್ಲ, ಮರೀನೂ ಇಲ್ಲ, ನುಂಗ್ಬಿಟ್ಟವ್ನೆ" ಎಂದು ಗೊಳೋ ಎಂದು ಅತ್ತಳು. ಅವಳ ಹಿಂದೆ ಇಡೀ ತರಗತಿ ಅತ್ತಿತು. ಸಾಹುಕಾರ ಗಾಬರಿಬಿದ್ದು ತನ್ನ ಫೋಟೋವನ್ನು ತಾನೇ ಉಗುರಿನಿಂದ ಕೀಳಲು ಹೋದ. ಗುಮಾಸ್ತ ಗೋಂದು ಚೆನ್ನಾಗೇ ಹಾಕಿದ್ದ. ಫೋಟೋದ ಜೊತೆ ಚಿತ್ರವೂ ಕಿತ್ತು ಬಂತು.

ಮಕ್ಕಳು ನೆನಪಿಟ್ಟುಕೊಂಡರೋ? ಇಟ್ಟುಕೊಳ್ಳದೆ ಏನು. ಮರಿ ನುಂಗಿದ ತಾತ ಎಂದು.

ಸಾಹುಕಾರನಿಗೆ ಅನ್ನ ಸೇರಲಿಲ್ಲ. ಮರಿ ಎಲ್ಲಿತ್ತು ಎಂಬುದು ಅವನಿಗೂ ಗೊತ್ತಿಲ್ಲವಲ್ಲ. ಸಂಜೆ ಅಂಗಡಿಗೆ ಹೋಗಿ ಅದೇ ಪುಸ್ತಕ ಇನ್ನೊಂದು ಕೊಂಡು, ನಿಂತ ಕಾಲಲ್ಲೇ ಪುಟ ತೆರೆದ. ಬೆಕ್ಕಿನ ಬೆನ್ನ ಹಿಂದೆ, ಬೆಕ್ಕಿನ ಬಾಲವನ್ನೇ ಹೊದ್ದುಕೊಂಡು ಮರಿ ಕೂತಿತ್ತು. ಅಂಗಡಿಯವನು ತಿರುಗಿ ನೋಡುವಷ್ಟು ಜೋರಾಗಿ ಸಾಹುಕಾರ ನಕ್ಕುಬಿಟ್ಟ.

ಬೆಳಿಗ್ಗೆ ಒಬ್ಬನೇ ಶಾಲೆಗೆ ಹೋದ. ಮಂಡಿ ಲಟಲಟ ಅಂದರೂ ಜಮಖಾನದ ಮೇಲೇ ಕೂತು ಪುಟ ಬಿಡಿಸಿದ. ಎರಡು ಜಡೆಯವಳು ಅವನ ತೊಡೆಗೆ ಆನಿಕೊಂಡು ಹುಡುಕಿ, ಮರಿಯ ಮೇಲೆ ಬೆರಳಿಟ್ಟಳು. ಆಮೇಲೆ ಅವನ ಮುಖ ನೋಡಿದಳು.

"ಹಂಗಾದ್ರೆ ನೀನು ತಿಂದಿಲ್ವಾ?"

"ಇಲ್ಲಮ್ಮ."

"ಮತ್ಯಾಕೆ ಅದ್ರ ಮೇಲೆ ಕೂತಿದ್ದೆ?"

ಈ ಪ್ರಶ್ನೆ ಅವನೊಬ್ಬನಿಗಲ್ಲ. ನಿಮ್ಮ ಹತ್ತಿರ ಉತ್ತರ ಇದೆಯೇ? ನಗುತ್ತಿದ್ದೀರಿ. ಮುಂದಿನ ಸಾಲಿನ ದಾನಿಗಳೇ, ಸ್ವಲ್ಪ ತಲೆ ಎತ್ತಿ ಈ ಸಭಾಂಗಣದ ಫ್ಯಾನು ನೋಡಿ. ಮೂರು ರೆಕ್ಕೆಗೂ ಹೆಸರು ಬರೆಸಿದ್ದೀರಿ. ತಿರುಗಿದರೆ ಹೆಸರು ಕಾಣುವುದಿಲ್ಲ, ಹೆಸರು ಕಾಣಬೇಕೆಂದರೆ ಗಾಳಿ ಇಲ್ಲ. ಶಾಲೆಗೆ ಕೊಟ್ಟ ಪುಸ್ತಕವನ್ನು ನಿಮ್ಮಲ್ಲಿ ಎಷ್ಟು ಜನ ಕೊಡುವ ಮೊದಲು ಬಿಡಿಸಿ ನೋಡಿದ್ದೀರಿ? ಹಿಂದಿನ ಸಾಲಿನ ಮೇಷ್ಟ್ರುಗಳೂ ನಗಬೇಡಿ. ಪುಸ್ತಕವನ್ನು ನಿಮ್ಮ ಮುಖಕ್ಕೆ ಹಿಡಿದು ಓದುತ್ತೀರಿ, ಮಕ್ಕಳಿಗೆ ಕಾಣುವುದು ಅದರ ಬೆನ್ನು.

ಇವತ್ತು ಮನೆಗೆ ಹೋದವರು ಒಂದು ಕೆಲಸ ಮಾಡಿ. ಮಗುವಿನ ಜೊತೆ ನೆಲದ ಮೇಲೆ ಕೂತು ಒಂದು ಕಥೆಪುಸ್ತಕ ಬಿಡಿಸಿ. ಮೊಬೈಲು ತೆಗೆದು ಫೋಟೋ ಹೊಡೆದುಕೊಳ್ಳಬೇಡಿ. ಬುದ್ಧಿಮಾತು ಹೇಳಬೇಡಿ. ಪುಟ ಹಿಡಿದ ನಿಮ್ಮ ಹೆಬ್ಬೆರಳು ಎಲ್ಲಿದೆ ಎಂದು ಮಾತ್ರ ನೋಡಿಕೊಳ್ಳಿ. ಚಿತ್ರದ ಮೇಲಿದ್ದರೆ ತೆಗೆಯಿರಿ. ಮರಿ ಅದರ ಕೆಳಗೇ ಇರಬಹುದು.